ಸ್ಪಿರಿಟ್ ಹಚ್ಚುವ ಮೊದಲೇ ನರದ ಗುರುತು ನೋಡಿಕೊಳ್ಳಿ

ರಕ್ತ ತೆಗೆಯುವವರಿಗೆ ಒಂದು ಸಲಹೆ. ನರ (ರಕ್ತನಾಳ) ಸಿಕ್ಕ ತಕ್ಷಣ ಅದರ ಪಕ್ಕದ ಮಚ್ಚೆಯನ್ನೋ ಮೊಣಕೈ ಗೆರೆಯನ್ನೋ ಗುರುತಿಟ್ಟುಕೊಳ್ಳಿ. ಆಮೇಲೆ ಟೂರ್ನಿಕೆಟ್ (ನರ ಉಬ್ಬಲು ತೋಳಿಗೆ ಕಟ್ಟಿದ ಪಟ್ಟಿ) ಸಡಿಲಿಸಿ, 70% ಆಲ್ಕೋಹಾಲ್‌ನಿಂದ 30 ಸೆಕೆಂಡ್ ಒರೆಸಿ, ಇನ್ನೊಂದು 30 ಸೆಕೆಂಡ್ ತಾನಾಗೇ ಒಣಗಲು ಬಿಡಿ. ಬಾಯಿಂದ ಊದಬೇಡಿ. ಮತ್ತೆ ಟೂರ್ನಿಕೆಟ್ ಬಿಗಿದು, ಆ ಜಾಗ ಮುಟ್ಟದೆ ಗುರುತು ನೋಡಿಕೊಂಡೇ ಸೂಜಿ ಹಾಕಿ. ಗ್ಲೌಸ್ ಇದೆಯಲ್ಲ, ಮುಟ್ಟಿದರೇನು ಅನ್ನಿಸಬಹುದು. ಆದರೆ ಅದೇ ಗ್ಲೌಸ್ ಟ್ರೇ, ಟ್ಯೂಬ್, ರೋಗಿಯ ತೋಳು ಎಲ್ಲವನ್ನೂ ಮುಟ್ಟಿರುತ್ತದೆ, ಅಲ್ವಾ? ಒರೆಸಿದ ಜಾಗಕ್ಕೆ ಬೆರಳಿಟ್ಟರೆ ಕೀಟಾಣು ಮತ್ತೆ ಅಲ್ಲಿಗೇ ಬರುತ್ತವೆ. ಹಸಿ ಇರುವಾಗಲೇ ಚುಚ್ಚಿದರೆ ರೋಗಿಗೆ ಉರಿ ಜಾಸ್ತಿ, ಸ್ಯಾಂಪಲ್‌ನ ಕೆಂಪು ರಕ್ತಕಣಗಳೂ ಒಡೆಯಬಹುದು. ನರ ಆಳದಲ್ಲಿದ್ದರೆ, ಅಥವಾ ವಯಸ್ಸಾದವರಲ್ಲಿ ಜಾರುವ ನರ ಇದ್ದರೆ, ಗುರುತು ಕೈಕೊಡುತ್ತದೆ. ತೋಳು ಸ್ವಲ್ಪ ತಿರುಗಿದರೂ ಅಷ್ಟೇ, ಚರ್ಮ ಸರಿದು ಲೆಕ್ಕ ತಪ್ಪುತ್ತದೆ. ಆಗ ಅಂದಾಜಿನ ಮೇಲೆ ಸುಮ್ನೆ ಚುಚ್ಚಬೇಡಿ. ಮುಟ್ಟಿ ನೋಡಿ, ಆದರೆ ಹೊಸ ಸ್ವಾಬ್ (ಆಲ್ಕೋಹಾಲ್ ಹತ್ತಿ) ತೆಗೆದುಕೊಂಡು ಮೊದಲಿನಿಂದ ಒರೆಸಿ, ಒಣಗಿಸಿ.