ಎದುರಿಗಿದ್ದವನನ್ನು ನೋಡುವುದು ಕಲಿತೆ

ನಾನು ಬ್ರೇಕಿಂಗ್ ಕುಣಿಯುವವನು. ನನ್ನ ಮೊದಲ ಬ್ಯಾಟಲ್, ಅಂದರೆ ಎದುರುಬದುರು ನಿಂತು ಸರದಿಯಂತೆ ಕುಣಿಯುವ ಸ್ಪರ್ಧೆ, ನಾಲ್ಕೇ ನಿಮಿಷದಲ್ಲಿ ಮುಗಿದುಹೋಯಿತು. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಒಂದು ಹಾಲ್, ಚಳಿಗಾಲದ ಶನಿವಾರ. ಒಬ್ಬರಿಗೊಬ್ಬರು, ತಲಾ ಎರಡು ರೌಂಡ್. ಮೂರು ತಿಂಗಳಿಂದ ಕಟ್ಟಿಕೊಂಡಿದ್ದ ಎರಡು ಸೆಟ್‌ಗಳನ್ನು ಒಂದು ಹೆಜ್ಜೆಯೂ ತಪ್ಪದೆ ಮಾಡಿದೆ. ನೆಲದ ಮೇಲೆ ಬೆನ್ನೂರಿ ಕಾಲು ಚಾಚಿ ತಿರುಗುವ ವಿಂಡ್‌ಮಿಲ್ ಎಂಟು ಸುತ್ತು ಹಾಕಿದೆ. ಆದರೆ ಮೂವರು ಜಡ್ಜ್‌ಗಳೂ ಕೈ ತೋರಿಸಿದ್ದು ಎದುರಿನ ಹುಡುಗನ ಕಡೆ.

ಅವನ ಹತ್ತಿರ ನನ್ನಷ್ಟು ಪವರ್‌ಮೂವ್, ಅಂದರೆ ವಿಂಡ್‌ಮಿಲ್‌ನಂಥ ಜೋರಾಗಿ ತಿರುಗುವ ಚಲನೆ, ಇರಲಿಲ್ಲ. ಆದರೆ ನಾನು ರೌಂಡಿನ ಕೊನೆಗೆ ಹಿಡಿದ ಫ್ರೀಜ್, ಅಂದರೆ ಅಲುಗಾಡದೆ ನಿಲ್ಲುವ ಭಂಗಿ, ಇತ್ತಲ್ಲ, ಅವನು ಅದರಿಂದಲೇ ಶುರು ಮಾಡಿದ. ಅಲ್ಲಿಂದ ಭುಜದ ಮೇಲೆ ಹೊರಳಿ, ನಾನು ಎಂದೂ ಯೋಚಿಸದ ಇನ್ನೊಂದು ಫ್ರೀಜ್‌ಗೆ ಹೋದ. ಸರಿಯಾಗಿ ಡ್ರಮ್ ಏಟಿಗೆ ನಿಂತ. ಮುಗಿದ ಮೇಲೆ ಬಂದು ತಬ್ಬಿಕೊಂಡ. "ಚೆನ್ನಾಗಿ ಮಾಡಿದೆ. ಆದರೆ ನನ್ನ ಕಡೆ ಒಂದು ಸಲವೂ ನೋಡಲಿಲ್ಲ" ಎಂದ.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ನಾನು ವಿಜಯಪುರದ ಕಡೆಯವನು. ಸಣ್ಣವನಿದ್ದಾಗ ಅಜ್ಜನ ಜೊತೆ ಕೂತು ರಾತ್ರಿಯೆಲ್ಲಾ ಗೀಗೀ ಪದ ಕೇಳಿದ್ದೇನೆ. ಅದರಲ್ಲಿ ಎರಡು ಪಕ್ಷ, ಹರದೇಶಿಯವರು ಪ್ರಶ್ನೆ ಹಾಕಿದರೆ ನಾಗೇಶಿಯವರು ಪದದಲ್ಲೇ ಉತ್ತರ ಕೊಡಬೇಕು. ಪ್ರಶ್ನೆ ಬಿಟ್ಟು ಸುಮ್ನೆ ತಮಗೆ ಬರುವ ಪದ ಹಾಡಿದರೆ, ದನಿ ಎಷ್ಟೇ ಚೆನ್ನಾಗಿರಲಿ, ಕೂತ ಜನ ಒಪ್ಪುತ್ತಿರಲಿಲ್ಲ. ಬ್ಯಾಟಲ್‌ನಲ್ಲಿ ನಾನು ಮಾಡಿದ್ದು ಅದನ್ನೇ ಅಲ್ವಾ?

ಮುಂದಿನ ವಾರ ಈ ಕುಣಿತದ ಬೇರು ಹುಡುಕಿಕೊಂಡು ಬ್ರಾಂಕ್ಸ್‌ನ ಸೆಡ್ಜ್‌ವಿಕ್ ಅವೆನ್ಯೂಗೆ ಹೋದೆ, ಮನೆ ನಂಬರ್ 1520. ಹೆದ್ದಾರಿ ಪಕ್ಕದ ಎತ್ತರದ ವಸತಿ ಕಟ್ಟಡ. ಗೊತ್ತಿಲ್ಲದವರು ತಿರುಗಿಯೂ ನೋಡುವುದಿಲ್ಲ. 1973ರ ಆಗಸ್ಟ್ 11ರಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ, ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕೆಂದು ಇಲ್ಲಿ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರೆಕಾರ್ಡ್ ಹಾಕಿದ್ದು ಅವಳ ಅಣ್ಣ, ಜಮೈಕಾದಿಂದ ಬಂದಿದ್ದ ಕ್ಲೈವ್. ಇಂದು ಲೋಕವೆಲ್ಲಾ ಅವನನ್ನು ಡಿಜೆ ಕೂಲ್ ಹರ್ಕ್ ಎಂದು ಕರೆಯುತ್ತದೆ.

ಹರ್ಕ್ ಒಂದು ವಿಷಯ ಗಮನಿಸಿದ್ದ. ಹಾಡುವುದು ನಿಂತು ಬರೀ ಡ್ರಮ್ ಉಳಿಯುವ ಚಿಕ್ಕ ಜಾಗ ಬಂದಾಗಲೇ ಹುಡುಗರು ಹುಚ್ಚೆದ್ದು ಕುಣಿಯುತ್ತಾರೆ. ಆ ಜಾಗದ ಹೆಸರು ಬ್ರೇಕ್. ಅದು ಕೆಲವೇ ಸೆಕೆಂಡ್. ಅದಕ್ಕೇ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಶುರು ಮಾಡಿ ಅದನ್ನು ಎಳೆಯುತ್ತಾ ಹೋದ. ಆ ಬ್ರೇಕ್‌ಗೆ ಕುಣಿದವರೇ ಬಿ-ಬಾಯ್, ಬಿ-ಗರ್ಲ್.

ಗ್ಯಾಂಗ್ ಹೊಡೆದಾಟದ ಬದಲಿಗೆ ಬ್ಯಾಟಲ್ ಬಂತು ಎಂದು ಒಂದೇ ಮಾತಲ್ಲಿ ಹೇಳುವವರು ಜಾಸ್ತಿ. ನನಗದು ಅಷ್ಟು ಸರಳ ಅನಿಸುವುದಿಲ್ಲ. 1971ರ ಡಿಸೆಂಬರ್‌ನಲ್ಲಿ ಗೆಟ್ಟೋ ಬ್ರದರ್ಸ್ ಗ್ಯಾಂಗಿನ ಶಾಂತಿದೂತ ಬ್ಲ್ಯಾಕ್ ಬೆಂಜಿ, ಜಗಳ ಬಿಡಿಸಲು ಹೋಗಿ ಸತ್ತ. ಸೇಡು ತೀರಿಸಿಕೊಳ್ಳುವ ಬದಲು ಅವನ ಕಡೆಯವರು ಎಲ್ಲಾ ಗ್ಯಾಂಗ್‌ಗಳನ್ನು ಕರೆದು ಹೋ ಅವೆನ್ಯೂದಲ್ಲಿ ರಾಜಿ ಮಾಡಿದರು. ಒಂದು ಬೀದಿಯ ಹುಡುಗ ಇನ್ನೊಂದು ಬೀದಿಯ ಪಾರ್ಟಿಗೆ ಕಾಲಿಡಲು ಅಂಥ ರಾಜಿ ಮೊದಲು ಬೇಕಿತ್ತು. ಹೊಡೆದಾಟ ಪೂರ್ತಿ ನಿಲ್ಲಲಿಲ್ಲ. ನ್ಯೂಯಾರ್ಕ್‌ನದೇ ಇನ್ನೊಂದು ಭಾಗವಾದ ಬ್ರೂಕ್ಲಿನ್‌ನ ಅಪ್‌ರಾಕ್ ಎಂಬ ಕುಣಿತದಲ್ಲಿ ಅದರ ನೆರಳು ಕಣ್ಣಿಗೇ ಕಾಣುತ್ತದೆ. ಎದುರುಬದುರು ನಿಂತು ಬಿಲ್ಲು ಎಳೆದಂತೆ, ಚೂರಿ ಹಾಕಿದಂತೆ ತಾಳಕ್ಕೆ ಸರಿಯಾಗಿ ಅಭಿನಯಿಸುತ್ತಾರೆ. ಮೈ ಮಾತ್ರ ಮುಟ್ಟುವಂತಿಲ್ಲ.

ಮುಟ್ಟಬಾರದೆಂಬ ಆ ನಿಯಮ ಇಂದಿಗೂ ಇದೆ. ಇನ್ನೊಂದು ದೊಡ್ಡ ನಿಯಮ, ಕದಿಯಬಾರದು. ಬೇರೆಯವರ ಮೂವ್ ಹಾಗೇ ಎತ್ತಿ ಮಾಡಿದರೆ ಅದು ಬೈಟಿಂಗ್, ಅಂದರೆ ಕಚ್ಚುವುದು. ಎದುರಿನವನು ಎರಡು ಕೈ ಚಾಚಿ ಮೊಸಳೆ ಬಾಯಿಯಂತೆ ತೆರೆದು ಮುಚ್ಚಿ ಎಲ್ಲರಿಗೂ ತೋರಿಸುತ್ತಾನೆ. ಆಯ ತಪ್ಪಿ ಬಿದ್ದರೆ ನೆಲ ತಟ್ಟಿ ತೋರಿಸುತ್ತಾರೆ. ಆದರೆ ಎದುರಿನವನ ಮೂವ್ ತೆಗೆದುಕೊಂಡು, ತಿರುಚಿ, ಬೇರೆ ಮಾಡಿ ಅವನಿಗೇ ವಾಪಸ್ ಕೊಟ್ಟರೆ ಅದು ಕಳ್ಳತನವಲ್ಲ, ಉತ್ತರ. ಆ ಹುಡುಗ ನನ್ನ ಫ್ರೀಜ್‌ಗೆ ಮಾಡಿದ್ದು ಅದೇ.

ಉತ್ತರ ಕೊಡುವುದನ್ನು ನಾನು ಹೀಗೆ ಕಲಿತೆ. ಪ್ರಾಕ್ಟೀಸ್‌ನಲ್ಲಿ ಹಾಡು ಆರಿಸುವುದನ್ನು ಗೆಳೆಯನಿಗೆ ಬಿಟ್ಟೆ, ಏಕೆಂದರೆ ಬ್ಯಾಟಲ್‌ನಲ್ಲೂ ಡಿಜೆ ಏನು ಹಾಕುತ್ತಾನೆ ಎಂದು ನಮಗೆ ಗೊತ್ತಿರುವುದಿಲ್ಲ. ಮೊದಲು ಅವನು ಒಂದು ರೌಂಡ್ ಮಾಡಬೇಕು. ಅವನು ಕೊನೆಗೆ ಮಾಡಿದ ಯಾವುದೋ ಒಂದರಿಂದಲೇ ನಾನು ಶುರು ಮಾಡಬೇಕು. ಮೊದಲ ತಿಂಗಳು ಮೈಯೇ ಮಾತು ಕೇಳಲಿಲ್ಲ. ಅವನು ಕುಣಿಯುವಾಗ ನನ್ನ ತಲೆಯಲ್ಲಿ ನನ್ನ ಸೆಟ್ ಓಡುತ್ತಿತ್ತು. ಅದನ್ನು ನಿಲ್ಲಿಸಲು ಅವನ ಕಾಲನ್ನೇ ನೋಡುತ್ತಾ ಬಾಯಲ್ಲಿ ಡ್ರಮ್ ಎಣಿಸಲು ಶುರು ಮಾಡಿದೆ. ಪವರ್‌ಮೂವ್ ಕಡಿಮೆ ಮಾಡಿ, ನಿಂತು ಹಾಕುವ ಹೆಜ್ಜೆಗಳಾದ ಟಾಪ್‌ರಾಕ್ ಹೆಚ್ಚಿಸಿದೆ. ನಿಂತು ಕುಣಿಯುವಾಗ ಎದುರಿನವನ ಮುಖ ಕಾಣುತ್ತದೆ, ತಲೆಕೆಳಗಾಗಿ ತಿರುಗುವಾಗ ಕಾಣುವುದಿಲ್ಲ.

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ಬಂದಾಗ ನಾವೆಲ್ಲಾ ಒಟ್ಟಿಗೆ ಕೂತು ನೋಡಿದೆವು. ಜಪಾನಿನ ಆಮಿ, ಕೆನಡಾದ ಫಿಲ್ ವಿಝಾರ್ಡ್ ಚಿನ್ನ ಗೆದ್ದರು. ಐದು ಅಂಶಗಳಿಗೆ ಅಂಕ ಇದ್ದವು. ಅದರಲ್ಲಿ ಉತ್ತರಕ್ಕೇ ಬೇರೆ ಅಂಕ ಇರಲಿಲ್ಲ. ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಮೊದಲ ಸೋಲಿನ ಎರಡು ವರ್ಷದ ನಂತರ ಅದೇ ಹಾಲ್‌ನಲ್ಲಿ ಮತ್ತೆ ಇಳಿದೆ. ಯಾರು ಮೊದಲು ಎಂದು ತೀರ್ಮಾನಿಸಲು ನೆಲದ ಮೇಲೆ ಬಾಟಲಿ ತಿರುಗಿಸಿದರು. ಅದು ಎದುರಿನವಳ ಕಡೆ ನಿಂತಿತು. ಅವಳು ರೌಂಡ್ ಮುಗಿಸುವಾಗ ಟೋಪಿ ಜಾರಿ ಬಿತ್ತು. ಅದನ್ನು ಅಲ್ಲೇ ಬಿಟ್ಟು ಹಿಂದೆ ಸರಿದಳು. ನಾನು ಆ ಟೋಪಿಯ ಸುತ್ತಲೇ ಫುಟ್‌ವರ್ಕ್, ಅಂದರೆ ನೆಲಕ್ಕೆ ಕೈ ಊರಿ ಹಾಕುವ ಹೆಜ್ಜೆ, ಶುರು ಮಾಡಿದೆ, ಒಮ್ಮೆಯೂ ತಾಗಿಸದೆ. ಕೊನೆಯ ಏಟಿಗೆ ಎತ್ತಿ ಅವಳ ಕೈಗೆ ಕೊಟ್ಟೆ. ಹಾಲ್ ಕೂಗಿತು. ಜಡ್ಜ್‌ಗಳು ಕೈ ಅಡ್ಡ ಹಿಡಿದರು, ಅಂದರೆ ಸಮ, ಇನ್ನೊಂದು ರೌಂಡ್. ಆ ರೌಂಡಿನಲ್ಲಿ ಅವಳು ಅದೇ ಟೋಪಿಯನ್ನು ತಾನೇ ನೆಲಕ್ಕೆ ಹಾಕಿ, ಅದರ ಮೇಲೆ ತಲೆ ಊರಿ ಫ್ರೀಜ್ ಹಿಡಿದಳು. ಎರಡು ಕೈ ಅವಳ ಕಡೆ, ಒಂದು ನನ್ನ ಕಡೆ. ಆಮೇಲೆ ಹಾಲ್‌ನವರು ಬೀಗದ ಕೈ ಹಿಡಿದು ಬಂದು ನಿಲ್ಲುವವರೆಗೂ ಎಲ್ಲರೂ ಸುತ್ತ ನಿಂತು, ಜಡ್ಜ್ ಇಲ್ಲದೆ, ಒಬ್ಬರಾದ ಮೇಲೆ ಒಬ್ಬರು ಕುಣಿದೆವು.