ಹೋಂಸ್ಟೇ ಅಡುಗೆಮನೆ ಗ್ಯಾಸ್ ಲೈನ್: ಪ್ರೆಶರ್, ವಾಲ್ವ್ ಹೀಗೆ ಚೆಕ್ ಮಾಡ್ಕೊಳ್ಳಿ

ಸಕಲೇಶಪುರ, ಮೂಡಿಗೆರೆ ಕಡೆ ಹೋಂಸ್ಟೇ ನಡೆಸೋರು ನಾಲ್ಕೈದು ಕಮರ್ಷಿಯಲ್ ಸಿಲಿಂಡರ್ ಸೇರಿಸಿ ಪೈಪ್ ಎಳಿಸಿರ್ತೀರಲ್ಲ, ಇದು ನಿಮಗೆ. ಸಿಲಿಂಡರ್ ಒಳಗೆ ಬಿಸಿಲು ಚಳಿ ನೋಡ್ಕೊಂಡು ಸುಮಾರು 5ರಿಂದ 7 ಬಾರ್ (ಒಂದು ಬಾರ್ ಅಂದ್ರೆ 1000 ಮಿಲಿಬಾರ್) ಪ್ರೆಶರ್ ಇರತ್ತೆ, ಮಾಮೂಲಿ ಮನೆ ಒಲೆಗೆ ಬೇಕಾಗಿರೋದು ಬರೀ 30 ಮಿಲಿಬಾರ್ ಹತ್ರ, ಅಷ್ಟು ಇಳಿಸೋ ಕೆಲಸ ಪೂರ್ತಿ ರೆಗ್ಯುಲೇಟರ್ದು.

ರೆಗ್ಯುಲೇಟರ್ ಮೇಲೆ ಒಂದು ಸಣ್ಣ ತೂತು ಇರತ್ತೆ, ಒಳಗಿನ ಡಯಾಫ್ರಾಮ್ (ಪ್ರೆಶರ್ ನೋಡ್ಕೊಂಡು ಮೇಲೆ ಕೆಳಗೆ ಆಡೋ ತೆಳು ಪದರ) ಉಸಿರಾಡೋದು ಅದರಿಂದಾನೇ, ಜಿಡ್ಡು, ಪೇಂಟು, ಹುಳದ ಗೂಡು ಕಟ್ಕೊಂಡ್ರೆ ಪ್ರೆಶರ್ ಹತೋಟಿ ತಪ್ಪತ್ತೆ, ದಯವಿಟ್ಟು ಅದಕ್ಕೆ ಟೇಪ್ ಸುತ್ತಬೇಡಿ. ಜ್ವಾಲೆ ಹಳದಿಯಾಗಿ ಎತ್ತರಕ್ಕೆ ಏಳ್ತಿದ್ರೆ ಅಥವಾ ಬರ್ನರ್ ಬಿಟ್ಟು ಹಾರ್ತಿದ್ರೆ ಪ್ರೆಶರೂ ಚೆಕ್ ಮಾಡಿಸಿ.

ಓವರ್ ಪ್ರೆಶರ್ ಆದ್ರೆ ಲೈನ್ ಮುಚ್ಚೋ ಶಟ್‌ಆಫ್ ವಾಲ್ವ್ ತಾನಾಗೇ ಮುಚ್ಕೊಂಡ್ರೆ, ಗೆಸ್ಟ್ ಕಾಯ್ತಿದಾರೆ ಅಂತ ಮತ್ತೆ ಮತ್ತೆ ಎತ್ತಿ ರೀಸೆಟ್ ಮಾಡ್ತಾರೆ ನೋಡಿ, ನನ್ನ ಪ್ರಕಾರ ಇದಕ್ಕಿಂತ ಅಪಾಯದ ಅಭ್ಯಾಸ ಇನ್ನೊಂದಿಲ್ಲ, ಕಾರಣ ಸಿಗೋವರೆಗೂ ಲೈನ್ ಬಂದ್ ಇರ್ಲಿ. ಹೆಚ್ಚಾದ ಪ್ರೆಶರ್ ಹೊರಗೆ ಬಿಡೋ ರಿಲೀಫ್ ವಾಲ್ವ್ ಪೈಪು ಹೊರಗಡೆ ಬಯಲಿಗೆ ಬಿಡ್ಬೇಕು, ಚರಂಡಿ ಕಿಟಕಿ ಪಕ್ಕ ಬೇಡ, ಎಲ್‌ಪಿಜಿ ಗಾಳಿಗಿಂತ ಭಾರ, ತಗ್ಗಲ್ಲಿ ನಿಂತ್ಕೊಳತ್ತೆ.

ಡಿಸೆಂಬರ್ ಚಳೀಲಿ ಗ್ಯಾಸ್ ಸಣ್ಣಗೆ ಬಂದ್ರೆ ಸಿಲಿಂಡರಿಗೆ ಕುದಿಯೋ ನೀರು ಹುಯ್ಯೋದು, ಪಕ್ಕ ಬೆಂಕಿ ಹಾಕೋದು ಖಂಡಿತ ಬೇಡ, ಇನ್ನೊಂದೆರಡು ಸಿಲಿಂಡರ್ ಲೈನಿಗೆ ಸೇರಿಸಿಸಿ. ಜಾಯಿಂಟ್‌ಗೆಲ್ಲ ಸೋಪ್ ನೀರು ಹಚ್ಚಿ ಗುಳ್ಳೆ ನೋಡಿ. ವಾಸನೆ ಬಂದ್ರೆ ಸ್ವಿಚ್ ಮುಟ್ಟದೆ ವಾಲ್ವ್ ಮುಚ್ಚಿ, ಎಲ್ಲರನ್ನೂ ಹೊರಗೆ ಕರ್ಕೊಂಡು ಹೋಗಿ 1906ಕ್ಕೆ ಫೋನ್ ಮಾಡಿ.