ಅಮ್ಮನ ಕೈಯಳತೆಯನ್ನು ತಕ್ಕಡಿಗೆ ಹಾಕಿದ ಅನುಭವ

ಕೊಡಗಿನ ನಾಪೋಕ್ಲು ಬಳಿಯ ನಮ್ಮ ಮನೆಯಲ್ಲಿ ಅಡುಗೆಯ ಅಳತೆಗಳೆಲ್ಲ ಅಮ್ಮನ ಬಲಗೈಯಲ್ಲಿಯೇ ಇದ್ದವು ಎಂಬುದು, ಮೂರು ವರ್ಷಗಳ ಹಿಂದಿನ ಜೂನ್ ತಿಂಗಳಿನಲ್ಲಿ ಅವರು ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಅದೇ ಕೈಯ ಮಣಿಕಟ್ಟು ಮುರಿದುಕೊಂಡಾಗ ನನಗೆ ಗೊತ್ತಾಯಿತು. ಅಲ್ಲಿಯವರೆಗೆ ನಾನು ಅಡುಗೆ ಮಾಡಿದವನೇ ಅಲ್ಲ ಎಂದೇನಲ್ಲ. ಮದುವೆ, ನಾಮಕರಣಗಳ ಊಟಕ್ಕೆ ದೊಡ್ಡ ಪಾತ್ರೆಯಲ್ಲಿ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಬೇಯಿಸುವ ಗಂಡಸರ ಗುಂಪಿನಲ್ಲಿ ನಿಂತು ಸೌಟು ತಿರುವಿದ್ದೇನೆ. ಆದರೆ ದಿನದ ಅಡುಗೆ ಬೇರೆಯದೇ ವಿದ್ಯೆ. ಆರು ವಾರ ಅಮ್ಮ ಅಡುಗೆಮನೆಯ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಫೋನಿನಲ್ಲಿ, ಹೇಗೂ ಹೇಳಿಸಿಕೊಳ್ಳುತ್ತಿದ್ದೀರಲ್ಲ, ಬರೆದೂ ಇಡಿ ಎಂದಳು. ನೂರು ಪುಟದ ಒಂದು ಪುಸ್ತಕ ತಂದೆ.

ಮೊದಲ ವಾರ ಬರೆದುಕೊಂಡ ಪುಟಗಳು ಯಾವ ಉಪಯೋಗಕ್ಕೂ ಬರಲಿಲ್ಲ. ಅವುಗಳಲ್ಲಿ ಇದ್ದದ್ದು ಸ್ವಲ್ಪ, ಒಂದು ಹಿಡಿ, ನೀರು ಹಿಡಿಯುವಷ್ಟು, ಬಣ್ಣ ಬರುವವರೆಗೆ ಎಂಬ ಮಾತುಗಳು ಮಾತ್ರ. ನನ್ನ ಹಿಡಿಗೂ ಅಮ್ಮನ ಹಿಡಿಗೂ ಎಷ್ಟು ವ್ಯತ್ಯಾಸ ಎಂದು ನೋಡಲು ಅವರ ಎಡಗೈಯಿಂದ ಅಕ್ಕಿ ಹಿಡಿಸಿ ತೂಗಿದರೆ 40 ಗ್ರಾಂ ಬಂತು, ನನ್ನದು 65. ಆಮೇಲೆ ಅಡುಗೆಮನೆಗೆಂದೇ ಒಂದು ಡಿಜಿಟಲ್ ತಕ್ಕಡಿ ಕೊಂಡು, ಅಮ್ಮ ಹೇಳಿದ್ದನ್ನು ಹೇಳಿದಂತೆ ಮಾಡಿ, ಅವರು ಸರಿ ಎಂದು ಒಪ್ಪಿದ ದಿನದ ಅಳತೆಯನ್ನಷ್ಟೇ ಪುಸ್ತಕಕ್ಕೆ ಏರಿಸುವುದು ಎಂದು ನಿಯಮ ಮಾಡಿಕೊಂಡೆ. ಅಮ್ಮನಿಗೆ ತಕ್ಕಡಿಯ ಮೇಲೆ ಗೌರವವೇನೂ ಇರಲಿಲ್ಲ. ಅಕ್ಕಿ ತೂಗುವುದು ಅಂಗಡಿಯವರ ಕೆಲಸ ಎನ್ನುತ್ತಿದ್ದರು.

ನನ್ನನ್ನು ಹೆಚ್ಚು ಕಾಡಿದ್ದು ಕಡಂಬುಟ್ಟು. ನೋಡುವುದಕ್ಕೆ ಅದರಷ್ಟು ಸರಳವಾದದ್ದು ಇನ್ನೊಂದಿಲ್ಲ: ಅಕ್ಕಿಯ ತರಿ, ನೀರು, ಉಪ್ಪು, ಒಂದಿಷ್ಟು ತುಪ್ಪ, ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿಡುವುದು, ಅಷ್ಟೇ. ಆದರೆ ನನ್ನ ಮೊದಲ ಕಡಂಬುಟ್ಟುಗಳು ಬಿರುಕು ಬಿಟ್ಟವು, ಎರಡನೆಯ ಸಲದವು ಹಬೆಪಾತ್ರೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾದವು. ಮೊದಲ ತಪ್ಪು ತರಿಯದ್ದು. ಮನೆಯಲ್ಲಿ ತರಿ ಮುಗಿದಿದೆ ಎಂದು ನಾನು ಪೇಟೆಯಿಂದ ಇಡ್ಲಿ ರವೆಯ ಪೊಟ್ಟಣ ತಂದಿದ್ದೆ. ಇಡ್ಲಿ ರವೆಯನ್ನು ಸಾಮಾನ್ಯವಾಗಿ ಕುಸುಬಲಕ್ಕಿಯಿಂದ ಮಾಡುತ್ತಾರೆ. ಒಮ್ಮೆ ಬೆಂದು ಒಣಗಿದ ಆ ಅಕ್ಕಿಯ ಕಾಳುಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ಕಡಂಬುಟ್ಟಿಗೆ ಬೇಕಾದದ್ದು ಬೆಳ್ತಿಗೆ, ಅಂದರೆ ಹಾಗೆ ಬೇಯಿಸದ, ಅಕ್ಕಿಯ ತರಿ. ಅಕ್ಕಿಯನ್ನು ತೊಳೆದು, ನೀರು ಬಸಿದು, ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಅಂಗೈಗೆ ನಾಲ್ಕೈದು ಕಾಳು ಮಾತ್ರ ಅಂಟಿಕೊಂಡು ಉಳಿಯುವಷ್ಟು ತೇವವಿರುವಾಗ ಒಡೆಸಿ, ಜರಡಿ ಹಿಡಿದು ಹಿಟ್ಟನ್ನು ಬೇರೆ ಮಾಡಬೇಕು. ಮಳೆಗಾಲದಲ್ಲಿ ಈ ತೇವ ಆರುವುದಕ್ಕೆ ಅರ್ಧ ದಿನವೇ ಹಿಡಿಯುತ್ತದೆ, ಬೇಸಗೆಯಲ್ಲಿ ಒಂದು ಗಂಟೆ ಸಾಕು. ಜರಡಿಯಿಂದ ಇಳಿದ ಹಿಟ್ಟು ವ್ಯರ್ಥವಲ್ಲ, ಅದು ಮರುದಿನದ ಅಕ್ಕಿ ರೊಟ್ಟಿಗೆ; ನಾವು ಅದನ್ನು ಒಟ್ಟಿ ಎನ್ನುತ್ತೇವೆ.

ಎರಡನೆಯ ತಪ್ಪು ನೀರಿನದು. ಪುಸ್ತಕದಲ್ಲಿ ಈಗ ಇರುವ ಅಳತೆ ಹೀಗೆ: ಒಂದು ಲೋಟ ತರಿಗೆ ಎರಡು ಲೋಟ ನೀರು, ಅಕ್ಕಿ ಒಂದು ವರ್ಷ ಹಳೆಯದಾದರೆ ಎರಡೂಕಾಲು. ಹೊಸ ಅಕ್ಕಿ ಕಡಿಮೆ ನೀರು ಕುಡಿಯುತ್ತದೆ, ಸುಗ್ಗಿಯ ಹಬ್ಬ ಹುತ್ತರಿ ಕಳೆದ ಮೇಲೆ ಹೊಸ ಅಕ್ಕಿಯಲ್ಲಿ ಮಾಡುವಾಗ ಎರಡು ಲೋಟವೂ ಒಂದು ಚಮಚ ಹೆಚ್ಚೇ. ನೀರಿಗೆ ಉಪ್ಪು, ಒಂದು ಚಮಚ ತುಪ್ಪ, ಜಜ್ಜಿದ ಎರಡು ಏಲಕ್ಕಿ ಹಾಕಿ, ಅದು ಮರಳುವಾಗ ತರಿಯನ್ನು ಒಂದು ಕೈಯಿಂದ ಸುರಿಯುತ್ತ ಇನ್ನೊಂದು ಕೈಯಿಂದ ತಿರುವಬೇಕು. ನೀರು ಮೇಲೆ ಕಾಣದಂತಾದೊಡನೆ ಉರಿ ಸಣ್ಣಗೆ ಮಾಡಿ, ಮುಚ್ಚಿ, ಐದು ನಿಮಿಷದ ಬಳಿಕ ಆರಿಸಿ, ಮುಚ್ಚಳವನ್ನು ಹತ್ತು ನಿಮಿಷ ತೆಗೆಯದೆ ಬಿಡಬೇಕು. ನನ್ನ ಅವಸರ ಕೆಡಿಸಿದ್ದು ಈ ಹತ್ತು ನಿಮಿಷವನ್ನೇ. ತರಿಯ ಒಳಗಿನ ಭಾಗ ನೀರು ಕುಡಿದು ಮೆತ್ತಗಾಗುವುದು ಆಗ. ಮೊದಲೇ ತೆಗೆದರೆ ಹೊರಗೆ ಅಂಟು, ಒಳಗೆ ಗಟ್ಟಿ. ಆಮೇಲೆ ಬಿಸಿಯಿರುವಾಗಲೇ, ಅಂಗೈಗೆ ತಣ್ಣೀರು ಹಚ್ಚಿಕೊಂಡು, ದೊಡ್ಡ ನಿಂಬೆಯ ಗಾತ್ರಕ್ಕೆ ಉರುಟಬೇಕು. ಬಿರುಕನ್ನು ನೋಡುತ್ತಿದ್ದ ಅಮ್ಮ ಪ್ರತಿ ಉಂಡೆಯನ್ನೂ ಎಡಗೈಯಿಂದ ಎತ್ತಿ ತಿರುಗಿಸಿ, ಬಿರುಕಿದ್ದದ್ದನ್ನು ಮಾತಿಲ್ಲದೆ ನನ್ನ ಮುಂದೆ ಇಡುತ್ತಿದ್ದರು. ಹಬೆಯಲ್ಲಿ 25 ನಿಮಿಷ. ಮುಚ್ಚಳದ ಒಳಬದಿಗೆ ಒಂದು ಬಟ್ಟೆ ಕಟ್ಟಿದರೆ ಹಬೆಯ ನೀರು ಉಂಡೆಗಳ ಮೇಲೆ ತೊಟ್ಟಿಕ್ಕುವುದಿಲ್ಲ. ಅವು ಅಂಟಿಕೊಳ್ಳುತ್ತಿದ್ದದ್ದು ಆ ತೊಟ್ಟಿನಿಂದ ಎಂದು ತಿಳಿಯಲು ನನಗೆ ಎರಡು ವಾರ ಬೇಕಾಯಿತು. ಇದನ್ನು ಅಮ್ಮ ಹೇಳಿರಲಿಲ್ಲ. ಯಾಕೆಂದು ಕೇಳಿದಾಗ, ಬಟ್ಟೆ ಕಟ್ಟದೆ ಯಾರಾದರೂ ಮುಚ್ಚುತ್ತಾರೆಯೇ ಎಂದು ನನ್ನನ್ನೇ ಕೇಳಿದರು.

ಪಂದಿ ಕರಿಯ ಬಗ್ಗೆ ಹೊರಗಿನವರು ಬರೆದದ್ದು ಈಗಾಗಲೇ ಬೇಕಾದಷ್ಟಿರುವುದರಿಂದ ನಮ್ಮ ಮನೆಯ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ಒಂದು ಕಿಲೋ ಮಾಂಸ ಕೊಬ್ಬಿನೊಡನೆ ಇರಬೇಕು. ಕೊಬ್ಬನ್ನು ತೆಗೆಸಿ ತಂದವರಿಗೆ ಅಮ್ಮ, ನಿಮಗೆ ಕೋಳಿ ಮಾಂಸವೇ ಸಾಕು ಎನ್ನುತ್ತಾರೆ. ಅರಿಸಿನ, ಉಪ್ಪು, ಮೆಣಸಿನ ಪುಡಿ ಸವರಿ ಅರ್ಧ ಗಂಟೆ ಇಟ್ಟು, ಅರೆದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನೊಡನೆ ಎಣ್ಣೆ ಹಾಕದೆ ಒಲೆಗಿಟ್ಟರೆ ತನ್ನ ಕೊಬ್ಬಿನಲ್ಲಿಯೇ ಬೇಯುತ್ತದೆ. ಕಪ್ಪು ಮಸಾಲೆಗೆ ಎರಡು ಚಮಚ ಕೊತ್ತಂಬರಿ, ಒಂದೂವರೆ ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಅರ್ಧ ಚಮಚ ಸಾಸಿವೆ, ಏಳೆಂಟು ಕಾಳು ಮೆಂತ್ಯ; ಇವನ್ನು ಬೇರೆ ಬೇರೆಯಾಗಿ ಹುರಿಯಬೇಕು, ಏಕೆಂದರೆ ಕೊತ್ತಂಬರಿ ಕಪ್ಪಾಗುವ ಹೊತ್ತಿಗೆ ಜೀರಿಗೆ ಸುಟ್ಟೇಹೋಗಿರುತ್ತದೆ. ಕಪ್ಪು ಎಂದರೆ ಎಷ್ಟು ಕಪ್ಪು ಎಂಬುದನ್ನು ಬರೆದಿಡುವುದು ಕಷ್ಟವಾಯಿತು. ಕೊನೆಗೆ ನಾನು ಬರೆದದ್ದು, ಕಾಫಿ ಬೀಜವನ್ನು ಮನೆಯಲ್ಲಿ ಹುರಿದು ಕೆಳಗಿಳಿಸುವಾಗ ಇರುವ ಬಣ್ಣ ಎಂದು. ನಮ್ಮ ಮಗಳಿಗೆ ಅದು ಅರ್ಥವಾಗುತ್ತದೆ. ಮಸಾಲೆ ಕೊನೆಯ ಹದಿನೈದು ನಿಮಿಷದಲ್ಲಿ, ಹಣ್ಣಿನ ರಸ ಕಾಯಿಸಿ ಮಾಡುವ ಕಪ್ಪು ಹುಳಿ, ಕಾಚಂಪುಳಿ, ಕೊನೆಯ ಐದು ನಿಮಿಷದಲ್ಲಿ.

ಕಾಚಂಪುಳಿಯ ವಿಷಯಕ್ಕೆ ಮಾತ್ರ ಜಾಗ ಬೇಕು. ಆ ವರ್ಷ ಮನೆಯ ಶೀಸೆ ಮುಗಿಯುತ್ತ ಬಂದಿತ್ತು. ಪೇಟೆಯಲ್ಲಿ ಕೊಂಡುತಂದ ಬಾಟಲಿಯೊಂದರಲ್ಲಿದ್ದದ್ದು ಕಪ್ಪು ನೀರು, ಮೂಗಿಗೆ ವಿನೆಗರ್ ವಾಸನೆ. ಸ್ಟೀಲ್ ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟು ತಟ್ಟೆಯನ್ನು ಓರೆ ಮಾಡಿದರೆ ನಿಜವಾದ ಕಾಚಂಪುಳಿ ಜೇನಿನಂತೆ ನಿಧಾನವಾಗಿ ಹರಿದು ತನ್ನ ಹಿಂದೆ ಕಂದು ಗೆರೆ ಬಿಡುತ್ತದೆ; ಇದು ಮಳೆನೀರಿನಂತೆ ಓಡಿತು. ಹಾಗಾಗಿ ಮನೆಯಲ್ಲಿಯೇ ಮಾಡುವುದೆಂದು ತೀರ್ಮಾನಿಸಿದೆವು. ಮಲೆನಾಡಿನವರು ಉಪ್ಪಾಗೆ ಎನ್ನುವ ಮರವೇ ಇದರ ಮರ. ಅವರು ಹಣ್ಣಿನ ಸಿಪ್ಪೆಯನ್ನು ಒಣಗಿಸಿ, ಬೀಜದಿಂದ ತುಪ್ಪ ತೆಗೆಯುತ್ತಾರೆ; ನಾವು ರಸವನ್ನು ಕಾಯಿಸಿ ಇಡುತ್ತೇವೆ. ನಮ್ಮ ತೋಟದ ಅಂಚಿನ ತೋಡಿನ ಪಕ್ಕ ಎರಡು ಮರಗಳಿವೆ. ಜಡಿಮಳೆಯಲ್ಲಿ ಹಳದಿ ಹಣ್ಣುಗಳು ಉದುರಿ ಎಲೆಗಳ ನಡುವೆ ಬಿದ್ದಿರುತ್ತವೆ, ಅವನ್ನು ಆರಿಸುವವನ ಕಾಲಿಗೆ ಹತ್ತಾರು ಜಿಗಣೆ ಖಚಿತ.

ಆರಿಸಿದ ಹಣ್ಣುಗಳನ್ನು ಬಿದಿರಿನ ಬುಟ್ಟಿಗೆ ತುಂಬಿ, ಬುಟ್ಟಿಯನ್ನು ಅಗಲ ಬಾಯಿಯ ಮಣ್ಣಿನ ಪಾತ್ರೆಯ ಮೇಲೆ ಇಟ್ಟೆವು. ಹಣ್ಣು ಕೊಳೆಯುತ್ತ ತನ್ನಷ್ಟಕ್ಕೆ ರಸ ಬಿಡುತ್ತದೆ, ಹಿಂಡುವ ಅಗತ್ಯವಿಲ್ಲ. ಪ್ರತಿದಿನವೂ ಬುಟ್ಟಿಗೆ ಹೊಸ ಹಣ್ಣು ಸುರಿಯುತ್ತ ಹನ್ನೆರಡು ದಿನ ಹೀಗೆ ಮಾಡಿದಾಗ ಪಾತ್ರೆ ತುಂಬಿತು. ಸೋಸಿ ಕಾಯಿಸುವ ದಿನ ಮಣ್ಣಿನ ಪಾತ್ರೆ ಒಡೆದೀತೆಂಬ ಹೆದರಿಕೆಯಲ್ಲಿ ನಾನು, ಅಮ್ಮ ಮಧ್ಯಾಹ್ನದ ನಿದ್ರೆಯಲ್ಲಿದ್ದಾಗ, ಅರ್ಧ ರಸವನ್ನು ಅಲ್ಯುಮಿನಿಯಂ ಪಾತ್ರೆಗೆ ಹಾಕಿ ಗ್ಯಾಸಿನ ಮೇಲಿಟ್ಟೆ. ಎರಡು ಗಂಟೆಯಲ್ಲಿ ಪಾತ್ರೆಯ ಒಳಮೈ ಬೂದು ಬಣ್ಣಕ್ಕೆ ತಿರುಗಿ ಸಣ್ಣ ಗುಳಿಗಳೆದ್ದವು, ರಸಕ್ಕೆ ನಾಲಿಗೆಗೆ ಹತ್ತುವ ಲೋಹದ ರುಚಿ ಬಂತು. ಅಷ್ಟು ತೀಕ್ಷ್ಣವಾದ ಹುಳಿಗೆ ಅಲ್ಯುಮಿನಿಯಂ ನಿಲ್ಲುವುದಿಲ್ಲ. ಆರು ದಿನದ ರಸ ಹಾಗೆ ತೋಡಿಗೆ ಹೋಯಿತು. ಅಮ್ಮ ಎದ್ದು ಬಂದು ಪಾತ್ರೆಯನ್ನು ನೋಡಿ, ಇದನ್ನೂ ನಿನ್ನ ಪುಸ್ತಕದಲ್ಲಿ ಬರೆ ಎಂದಷ್ಟೇ ಹೇಳಿದರು. ಬರೆದಿದ್ದೇನೆ. ಉಳಿದ ಅರ್ಧವನ್ನು ಮಣ್ಣಿನ ಪಾತ್ರೆಯಲ್ಲಿ ಸೌದೆ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಸಂಜೆಯವರೆಗೆ ಕಾಯಿಸಿದೆವು. ಮೊದಲು ಚಹಾದ ಬಣ್ಣ, ಆಮೇಲೆ ಬೆಲ್ಲದ ಪಾಕದ ಬಣ್ಣ, ಕೊನೆಯ ಅರ್ಧ ಗಂಟೆಯಲ್ಲಿ ಕೀಲೆಣ್ಣೆಯಂತೆ ಕಪ್ಪು. ಆ ಅರ್ಧ ಗಂಟೆ ಸೌಟು ಬಿಡಬಾರದು, ತಳ ಹಿಡಿದರೆ ಕಹಿ. ದಕ್ಕಿದ್ದು ಮುಕ್ಕಾಲು ಲೀಟರಿಗೂ ಕಡಿಮೆ. ಆದರೆ ಒಂದು ಕಿಲೋ ಮಾಂಸಕ್ಕೆ ಒಂದೂವರೆ ಟೀ ಚಮಚ ಸಾಕು, ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ, ಆದ್ದರಿಂದ ಅದು ಕಡಿಮೆಯೇನೂ ಅಲ್ಲ.

ಅದೇ ಹುಳಿ ಕೆಂಬಿನ ಸೊಪ್ಪಿನ ಸಾರಿಗೂ ಬೇಕು. ಗದ್ದೆಯ ಬದುವಿನ ಕೆಸುವಿನ ಎಳೆ ಎಲೆಗಳನ್ನು ನಮ್ಮಲ್ಲಿ ಕೆಂಬು ಎನ್ನುತ್ತೇವೆ. ಚೆನ್ನಾಗಿ ಬೇಯದಿದ್ದರೆ, ಹುಳಿ ಬೀಳದಿದ್ದರೆ ಗಂಟಲು ತುರಿಸುತ್ತದೆ. ಹೆಚ್ಚುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳಬೇಕು. ಬೈಂಬಳೆ, ಅಂದರೆ ಎಳೆ ಬಿದಿರಿನ ಮೊಳಕೆಯಾದ ಕಣಿಲೆಯ ವಿಷಯದಲ್ಲಿ ರುಚಿಗಿಂತ ಎಚ್ಚರ ಮುಖ್ಯ: ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ತೆಳ್ಳಗೆ ಹೆಚ್ಚಿ ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಬೇಯಿಸಿದ ನೀರನ್ನೂ ಚೆಲ್ಲಿ, ಆಮೇಲೆ ತೆಂಗಿನಕಾಯಿ ಮಸಾಲೆಗೆ ಹಾಕಬೇಕು. ಮಗಳ ಪ್ರತಿಯಲ್ಲಿ ಈ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಇಷ್ಟೆಲ್ಲ ಹೇಳಿದರೂ ಮೈ ಸೋತ ದಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಕೆನಿಸುವುದು ಅಕ್ಕಿ ಒಟ್ಟಿ ಮತ್ತು ಎಳ್ಳಿನ ಪಜ್ಜಿ, ಅಂದರೆ ಚಟ್ನಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಡಿಕೇರಿಯ ಕಡೆಗೆ ರಸ್ತೆಗಳು ಮುಚ್ಚಿ, ಕರೆಂಟಿಲ್ಲದೆ ಕಳೆದ ದಿನಗಳಲ್ಲಿ ನಾವು ತಿಂದದ್ದು ಹೆಚ್ಚಾಗಿ ಅದನ್ನೇ. ಒಂದು ಬಟ್ಟಲು ಅನ್ನವನ್ನು ಕಾಳು ಉಳಿಯದಂತೆ ನುರಿದು, ಒಂದು ಬಟ್ಟಲು ಅಕ್ಕಿ ಹಿಟ್ಟು ಸೇರಿಸಿ ನಾದಿ, ತಟ್ಟಿ, ಹಂಚಿನ ಮೇಲೆ ಎರಡೂ ಬದಿ ಒಣಗಿಸಿ, ಕೆಂಡದ ಮುಂದೆ ನಿಲ್ಲಿಸಿದರೆ ಉಬ್ಬುತ್ತದೆ. ಉಬ್ಬದಿದ್ದರೆ ಅನ್ನ ಸರಿಯಾಗಿ ನುರಿದಿಲ್ಲ ಎಂದು ಅರ್ಥ. ಅನ್ನ ಹಿಂದಿನ ರಾತ್ರಿಯದಾಗಿದ್ದರೆ ಒಂದು ಚಮಚ ಬಿಸಿನೀರು ಚಿಮುಕಿಸಿಕೊಳ್ಳಬೇಕು. ಪಜ್ಜಿಗೆ ಎಳ್ಳು ಚಟಪಟ ಎನ್ನುವವರೆಗೆ ಹುರಿದು, ತೆಂಗಿನಕಾಯಿ, ಹಸಿಮೆಣಸು, ಉಪ್ಪು, ಚೂರು ಹುಳಿಯೊಡನೆ ಅರೆದರಾಯಿತು.

ಅಮ್ಮನ ಕೈಗೆ ಹಾಕಿದ ಪ್ಲಾಸ್ಟರ್ ತೆಗೆದದ್ದು ಜುಲೈ ಕೊನೆಯಲ್ಲಿ, ಕೊಡವರ ಮಳೆಗಾಲದ ಕಕ್ಕಡ ತಿಂಗಳು ನಡೆಯುತ್ತಿದ್ದಾಗ. ಕಕ್ಕಡ 18 ಎಂದರೆ ಆಗಸ್ಟ್ 3. ಮದ್ದು ಸೊಪ್ಪು ಎಂಬ ಕಾಡುಗಿಡಕ್ಕೆ ಹದಿನೆಂಟು ಬಗೆಯ ಔಷಧದ ಗುಣ ಕೂಡಿಬರುವುದು ಆ ದಿನ ಎಂಬುದು ಹಿರಿಯರ ನಂಬಿಕೆ. ಗುಣದ ಮಾತು ಹೇಗೇ ಇರಲಿ, ಆ ದಿನಗಳಲ್ಲಿ ಗಿಡದ ಪಕ್ಕ ನಡೆದುಹೋದರೆ ಸಾಕು, ಪರಿಮಳ ಮೂಗಿಗೆ ಬಡಿಯುತ್ತದೆ. ಕಾಂಡಸಹಿತ 300 ಗ್ರಾಂ ಸೊಪ್ಪನ್ನು ಎರಡು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿದೆವು. ಹಸಿರು ಸೊಪ್ಪಿನಿಂದ ನೀರು ನೇರಳೆಗೆ ತಿರುಗುವುದನ್ನು ಪ್ರತಿವರ್ಷ ನೋಡಿದರೂ ನನಗೆ ಸಾಕಾಗಿಲ್ಲ. ಸೋಸಿದ ನೀರಿನಲ್ಲಿ ತರಿಯನ್ನು ಬೇಯಿಸಿ, ಬೆಲ್ಲ ಮತ್ತು ತೆಂಗಿನ ತುರಿ ಸೇರಿಸಿ, ತಟ್ಟೆಗೆ ಸುರಿದು ಆರಿಸಿ ಕತ್ತರಿಸಿದರೆ ಮದ್ದುಪುಟ್ಟು. ತಿನ್ನುವಾಗ ಮೇಲೆ ತುಪ್ಪ, ಜೇನು.

ಒಂದು ಬಾಟಲಿ ಮದ್ದು ನೀರನ್ನು ಆ ಸಂಜೆಯ ಬಸ್ಸಿನಲ್ಲಿ ಹೋಗುತ್ತಿದ್ದ ಪರಿಚಿತರ ಕೈಯಲ್ಲಿ ಬೆಂಗಳೂರಿಗೆ ಕಳುಹಿಸಿದೆವು. ಮಗಳು ಪುಸ್ತಕದ ಫೋಟೋ ನೋಡಿಕೊಂಡು ಪುಟ್ಟು ಮಾಡಿ, ರೂಮಿನಲ್ಲಿದ್ದ ಗೆಳತಿಗೂ ಕೊಟ್ಟಿದ್ದಾಳೆ. ಪುಟ್ಟು ತಿಂದ ಮರುದಿನ ಬೆಳಿಗ್ಗೆ ಆರೂವರೆಗೆ ಮಗಳ ಫೋನ್: ಗೆಳತಿ ಮೂತ್ರ ಕೆಂಪಾಗಿದೆ ಎಂದು ಹೆದರಿ ಆಸ್ಪತ್ರೆಗೆ ಹೊರಟು ನಿಂತಿದ್ದಾಳೆ, ಏನು ಹೇಳಲಿ ಎಂದು. ಮದ್ದು ತಿಂದವರಿಗೆಲ್ಲ ಹಾಗಾಗುತ್ತದೆ, ಅದು ಸೊಪ್ಪಿನ ಬಣ್ಣ ಎಂಬುದನ್ನು ನಾನು ಬರೆದೇ ಇರಲಿಲ್ಲ. ಅಮ್ಮ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಹುಡುಗಿಗೆ ತಾವೇ ಸಮಾಧಾನ ಹೇಳಿದರು. ನಾನು ಪುಸ್ತಕ ತೆರೆದು, ಮದ್ದುಪುಟ್ಟಿನ ಪುಟದ ಅಂಚಿನಲ್ಲಿ ಉಳಿದಿದ್ದ ಜಾಗದಲ್ಲಿ ಅದನ್ನು ಸೇರಿಸಿದೆ.